ಪರದೆ ಅಂಗಡಿ

ನಮ್ಮ ಮನೆಗೂ ಅಂಗಡಿಗೂ ನಡುವೆ ಗೋಡೆಯಿರಲಿಲ್ಲ, ಪರದೆಯಿತ್ತು. ಹಸಿರು ಬಣ್ಣದ ದಪ್ಪ ಬಟ್ಟೆ, ಅದರ ಮೇಲೆ ಒಂದು ಕಾಲಕ್ಕೆ ಹಳದಿಯಾಗಿದ್ದ ಹೂಗಳು. ಪರದೆಯ ಈಚೆಗೆ ಗುಂಡ್ಲುಪೇಟೆಯ ಬೀದಿಗೆ ತೆರೆದುಕೊಂಡಿದ್ದ ಅಬ್ಬಾನ ಮಕ್ಕಳ ಬಟ್ಟೆ ಅಂಗಡಿ. ಆಚೆಗೆ ನಮ್ಮ ನಡುಮನೆ, ಅದರ ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಬಾವಿ, ನುಗ್ಗೆಮರ. ಅಮ್ಮಿ ಒಗ್ಗರಣೆ ಹಾಕಿದರೆ ಈಚೆ ತೂಗುಹಾಕಿದ್ದ ಫ್ರಾಕುಗಳಿಗೆಲ್ಲ ಅದರ ವಾಸನೆ ಹತ್ತುತ್ತಿತ್ತು. ಹೊಸ ಬಟ್ಟೆಯೆಂದರೆ ಬೆಳ್ಳುಳ್ಳಿಯ ಘಮ ಇದ್ದೇ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬೇರೆ ಊರಿನ ಅಂಗಡಿಯ ಬಟ್ಟೆ ಮೂಸಿ ನೋಡಿ, ಇದು ಹಳೇ ಮಾಲು ಅಂದು ಅಬ್ಬಾನ ಕೈಲಿ ಬೈಸಿಕೊಂಡಿದ್ದೂ ಉಂಟು.

ಹೇಳಿಕೊಳ್ಳಲು ಒಂದೇ ಅಂಗಡಿಯಾದರೂ ನಿಜಕ್ಕೂ ಅಲ್ಲಿ ಎರಡು ಅಂಗಡಿಗಳಿದ್ದವು. ಗಂಡಸರು ಬೀದಿಯ ಕಡೆಯಿಂದ ಬಂದು ಅಬ್ಬಾನ ಗಲ್ಲಾದ ಮುಂದೆ ನಿಲ್ಲುತ್ತಿದ್ದರು. ಹೆಂಗಸರು ಪಕ್ಕದ ಓಣಿಯ ಬಾಗಿಲಿನಿಂದ ನೇರ ನಡುಮನೆಗೆ ಬಂದು, ಚಾಪೆಯ ಮೇಲೆ ಕೂತು, ಮೊದಲು ನೀರು ಕೇಳುತ್ತಿದ್ದರು. ಅಲ್ಲಿ ವ್ಯಾಪಾರ ಅಮ್ಮಿಯದು. ಅಮ್ಮಿ ಅಂಗಡಿಯ ಕಡೆಗೆ ಕಾಲಿಡುತ್ತಿರಲಿಲ್ಲ, ಅಬ್ಬಾ ಹೆಂಗಸರು ಕೂತಿದ್ದಾಗ ನಡುಮನೆಗೆ ಬರುತ್ತಿರಲಿಲ್ಲ. ಹೊಲಿಗೆ ಮಿಶನ್ನೂ ಒಳಗೇ ಇತ್ತು. ಅಂಗಡಿಯ ಅರ್ಧ ಮಾಲು ಮೈಸೂರಿನಿಂದ ಬಂದರೆ ಇನ್ನರ್ಧ ಅಮ್ಮಿಯ ಕೈಯಿಂದ ಹುಟ್ಟುತ್ತಿತ್ತು.

ಗಂಡಸರು ಬಟ್ಟೆ ಕೊಳ್ಳುವುದನ್ನು ನೋಡುವುದೇ ಒಂದು ಮೋಜು. ಕೊಡೆ ಕಂಕುಳಲ್ಲೇ ಇರುತ್ತಿತ್ತು, ಕಣ್ಣು ಬಸ್ಸಿನ ಮೇಲೆ. ಮೂರು ವರ್ಷದ ಹೈದನಿಗೆ ಒಂದು ಜೊತೆ ಕೊಡಿ ಅನ್ನುವರು. ಹೈದ ದಪ್ಪವೋ ತೆಳ್ಳಗೋ ಎಂದು ಅಬ್ಬಾ ಕೇಳಿದರೆ ಮೇಲಿನ ತೊಲೆ ನೋಡುವರು. ಎತ್ತರ ಎಷ್ಟು ಎಂದರೆ ಅಂಗೈಯನ್ನು ತಮ್ಮ ತೊಡೆಯ ಹತ್ತಿರ ಹಿಡಿಯುವರು. ಸರಿಯಾಗಿ ನೋಡಿ ಹೇಳಪ್ಪ ಅಂದರೆ ಅದೇ ಅಂಗೈ ಸೊಂಟಕ್ಕೆ ಏರುತ್ತಿತ್ತು. ಮಾತಾಡುವಷ್ಟರಲ್ಲಿ ಮಗು ಗೇಣುದ್ದ ಬೆಳೆದುಬಿಟ್ಟಿರುತ್ತಿತ್ತು. ಕೊನೆಗೆ ಕಣ್ಣಿಗೆ ಹೊಡೆಯುವ ಬಣ್ಣದ್ದೊಂದನ್ನು ತೋರಿಸಿ, ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ ಎಂದು ಕಟ್ಟಿಸಿಕೊಂಡು ಓಡುವರು. ಮಾರನೆಯ ವಾರ ಅದೇ ಬಟ್ಟೆ ಓಣಿಯ ಬಾಗಿಲಿನಿಂದ ಹೆಂಡತಿಯ ಕೈಯಲ್ಲಿ ವಾಪಸು ಬರುತ್ತಿತ್ತು.

ಹೆಂಗಸರದು ಬೇರೆಯೇ ಲೋಕ. ಅವರು ಬಟ್ಟೆಯನ್ನು ಮೊದಲು ಒಳಮಗ್ಗುಲಿಗೆ ತಿರುಗಿಸುತ್ತಿದ್ದರು. ಹೊಲಿಗೆ ಎಳೆದು ನೋಡುವರು, ಬೆರಳನ್ನು ನಾಲಗೆಗೆ ತಾಗಿಸಿ ಬಣ್ಣ ಉಜ್ಜುವರು. ಅಂಚಿನಲ್ಲಿ ಒಳಗೆ ಮಡಿಚಿ ಹೊಲಿದದ್ದು ಎಷ್ಟಿದೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದಾ ಎಂದು ಅಳೆಯುವರು. ಈ ನಡುವೆ ಮಗುವಿಗೆ ಹಲ್ಲು ಬಂದದ್ದು, ನಾದಿನಿಗೆ ಗಂಡು ಗೊತ್ತಾದದ್ದು, ಅತ್ತೆಯ ಮಂಡಿನೋವು ಎಲ್ಲ ಚಾಪೆಯ ಮೇಲೆ ಹರಡಿಕೊಳ್ಳುತ್ತಿತ್ತು. ಅಷ್ಟಾಗಿ, ಇನ್ನೊಂದು ಸಲ ಬರ್ತೀನಿ ಎಂದು ಎದ್ದು ಹೋದರೂ ಅಮ್ಮಿಗೆ ಬೇಸರವಿರಲಿಲ್ಲ. ಗಂಡಸು ಅಂಗಡಿಗೆ ಬರೋದು ಮುಗಿಸೋಕೆ, ಹೆಂಗಸು ಬರೋದು ಶುರು ಮಾಡೋಕೆ ಎಂದು ಅಬ್ಬಾ ಹೇಳುತ್ತಿದ್ದ. ಹೇಳುವಾಗ ದೂರುತ್ತಿದ್ದನೋ ಮೆಚ್ಚುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಎರಡೂ ಅಂಗಡಿಗಳ ನಡುವೆ ಓಡಾಡುತ್ತಿದ್ದವಳು ನಾನೊಬ್ಬಳೇ. ಒಳಗಿನವರಿಗೆ ಗುಲಾಬಿ ಫ್ರಾಕ್ ಬೇಕಾದರೆ ಹೊರಗಿಂದ ತಂದುಕೊಡುವುದು, ಹೊರಗಿನವರ ಚಡ್ಡಿಗೆ ಗುಂಡಿ ಬಿದ್ದಿದ್ದರೆ ಒಳಗೆ ಹಾಕಿಸಿ ತರುವುದು. ದಿನಕ್ಕೆ ಎಷ್ಟು ಸಲ ಆ ಪರದೆ ಎತ್ತುತ್ತಿದ್ದೆನೋ, ಅದರ ಒಂದು ಅಂಚು ನನ್ನ ಕೈಯ ಜಿಡ್ಡಿಗೆ ಕಪ್ಪಾಗಿತ್ತು. ಎರಡೂ ಕಡೆ ಇಷ್ಟವೇ, ಆದರೆ ಪ್ರಾಣ ಇದ್ದದ್ದು ಹೊರಗಡೆ. ಅಲ್ಲೊಂದು ಬೆಂಚು ಇತ್ತು. ಅದರ ಮೇಲೆ ನಿಂತರೆ ಊಟಿ ಬಸ್ಸು, ಬತ್ತೇರಿ ಬಸ್ಸು, ಚೆಂಡುಹೂವಿನ ಮೂಟೆ ಹೊತ್ತು ಕೇರಳಕ್ಕೆ ಹೋಗುವ ಲಾರಿ ಎಲ್ಲ ಕಾಣುತ್ತಿತ್ತು. ಅಬ್ಬಾಗೆ ಉರ್ದು ಸಲೀಸು, ಕನ್ನಡ ಅಕ್ಷರ ತಡವರಿಕೆ. ಬಸ್ಸಿನ ಬೋರ್ಡನ್ನು ನಾನು ಗಟ್ಟಿಯಾಗಿ ಓದಿದರೆ ಅಂಗಡಿಯಲ್ಲಿ ನಿಂತ ಗಂಡಸರು ಅದನ್ನು ಕೇಳಿಕೊಂಡು ಓಡುತ್ತಿದ್ದರು. ನಾನಿಲ್ಲದೆ ಆ ಅಂಗಡಿ ನಡೆಯುವುದಿಲ್ಲ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆ ಜಂಬಕ್ಕೆ ಕಲ್ಲು ಹಾಕಿದವಳು ದಾದಿ, ಅಬ್ಬಾನ ತಾಯಿ. ಮನೆಯಲ್ಲಿ ಅವಳದೇ ಮಾತು. ಅವಳ ಮಂಚದ ಕೆಳಗೆ ಒಂದು ತಗಡಿನ ಟ್ರಂಕ್ ಇತ್ತು, ಅದರ ತುಂಬ ನಾವೆಲ್ಲ ಹುಟ್ಟಿದಾಗ ಹಾಕಿದ್ದ ಹಳೆಯ ಪುಟ್ಟ ಅಂಗಿಗಳು. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕಬಾರದು, ಗಟ್ಟಿಮುಟ್ಟಾಗಿ ಬೆಳೆದ ಮಗುವಿನ ಹಳೆಯ ಅಂಗಿಯನ್ನೇ ಹಾಕಬೇಕು ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದ ನಂಬಿಕೆ. ಸಾಬರ ಮನೆ, ಗೌಡರ ಮನೆ ಎಂಬ ಭೇದವಿಲ್ಲದೆ ಬಸುರಿಯರ ತಾಯಂದಿರು ಬಂದು ದಾದಿಯ ಟ್ರಂಕಿನಿಂದ ಒಂದು ಅಂಗಿ ಒಯ್ಯುತ್ತಿದ್ದರು. ತಿಂಗಳು ಕಳೆದ ಮೇಲೆ ಒಗೆದು, ಒಂದು ಅಚ್ಚು ಬೆಲ್ಲದ ಜೊತೆ ತಂದುಕೊಡುತ್ತಿದ್ದರು. ಯಾವ ಅಂಗಿ ಯಾವ ಊರಿನ ಯಾವ ಕೂಸಿನ ಮೈಮೇಲೆ ಇತ್ತು ಎಂಬುದೆಲ್ಲ ದಾದಿಯ ತಲೆಯಲ್ಲಿತ್ತು. ಆ ಮಕ್ಕಳೆಲ್ಲ ತನ್ನ ಮೊಮ್ಮಕ್ಕಳೇ ಎಂಬಂತೆ ಮಾತಾಡುತ್ತಿದ್ದಳು.

ರಂಜಾನ್ ಉಪವಾಸ ಶುರುವಾಗುವ ಚಂದ್ರ ಕಂಡ ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ ದಾದಿ ನನ್ನನ್ನು ಎದ್ದು ನಿಲ್ಲು ಅಂದಳು. ನಿಂತೆ. ಮೇಲಿಂದ ಕೆಳಗೆ ನೋಡಿದಳು. ನಮ್ಮ ಮನೆಮಾತು ಉರ್ದು. ಅವಳಂದದ್ದನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

"ಹುಡುಗಿ ಎತ್ತರ ಆದಳು. ಈ ಹಬ್ಬ ಮುಗಿದ ಮೇಲೆ ಅವಳು ಪರದೆ ದಾಟಬಾರದು."

ಅಬ್ಬಾ ತಟ್ಟೆ ನೋಡಿಕೊಂಡು ಸಾರು ಕಲಸಿದ. ತಾಯಿಯ ಮಾತಿಗೆ ಎದುರಾಡಿದವನಲ್ಲ. ಅಮ್ಮಿ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು, ಅದೇ ಅವಳ ಸಮಾಧಾನ. ಓರಗೆಯ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಒಳಗೆ ಸೇರಿದ್ದರು, ನನ್ನ ಸರದಿ ಬರುತ್ತದೆಂದು ಗೊತ್ತಿರಲಿಲ್ಲ ಅನ್ನುವಂತಿಲ್ಲ. ಆದರೂ ಆ ಬೆಂಚು, ಆ ಬಸ್ಸುಗಳು ಕೈತಪ್ಪುವುದನ್ನು ಒಪ್ಪಿಕೊಳ್ಳಲು ನಾನು ತಯಾರಿರಲಿಲ್ಲ. ಎಲ್ಲರೂ ಹಬ್ಬ ಬೇಗ ಬರಲೆಂದು ಕಾಯುತ್ತಿದ್ದರೆ ನಾನು ಮಾತ್ರ ಅದು ಬರದಿರಲಿ ಎಂದು ದುವಾ ಮಾಡುತ್ತಿದ್ದೆ.

ಹಬ್ಬ ಹತ್ತಿರವಾದಂತೆ ಅಂಗಡಿಯ ಎರಡೂ ಕಡೆ ಜನ. ಅಂಥ ಒಂದು ಮಧ್ಯಾಹ್ನ ಉಡಿಗಾಲದ ಮಾದಣ್ಣ ಬಂದ. ಅವನ ಹೆಂಡತಿ ಎರಡನೆಯ ಹೆರಿಗೆಗೆಂದು ತೆರಕಣಾಂಬಿಯ ತವರಿನಲ್ಲಿದ್ದಳು. ಕೂಸಿನ ಹೆಸರಿಡುವ ದಿನ ಹಿರಿಯ ಮಗಳು ಗೌರಿಗೆ ಹೊಸ ಫ್ರಾಕ್ ಆಗಬೇಕು. ಅದಿಲ್ಲದೆ ಅತ್ತೆಮನೆಗೆ ಹೇಗೆ ಹೋಗುವುದೆಂದು ತೆರಕಣಾಂಬಿಯಲ್ಲಿ ಇಳಿಯದೆ ನೇರ ನಮ್ಮಲ್ಲಿಗೆ ಬಂದಿದ್ದ. ಕೈಯಲ್ಲೊಂದು ಚೀಲ, ಚೀಲದಿಂದ ಇಣುಕುವ ಕೋಳಿ. ಅದು ಬಾಣಂತಿಯ ಸಾರಿಗೆ.

ಅಳತೆ ತಂದಿದ್ದೀಯಾ ಎಂದು ಅಬ್ಬಾ ಕೇಳಿದ. ಆಗೆಲ್ಲ ಅಂಗಡಿಗೆ ಬರಲಾಗದ ಹೆಂಗಸರು ಗಂಡಂದಿರ ಕೈಯಲ್ಲಿ ದಾರ ಕಳಿಸುತ್ತಿದ್ದರು. ಮಗುವಿನ ಭುಜದಿಂದ ಮಂಡಿಯವರೆಗೆ ಹಿಡಿದು ಒಂದು ಗಂಟು, ಅಲ್ಲಿಂದ ಮುಂದಕ್ಕೆ ಎದೆಯ ಸುತ್ತಳತೆಗೆ ಇನ್ನೊಂದು, ತೋಳಿಗೆ ಮತ್ತೊಂದು. ಆ ದಾರವನ್ನು ಒಳಗೆ ಕೊಟ್ಟರೆ ಅಮ್ಮಿ ಮಗುವನ್ನು ಕಂಡಷ್ಟು ಸರಿಯಾಗಿ ಬಟ್ಟೆ ಆರಿಸುತ್ತಿದ್ದಳು. ಇಷ್ಟು ವರ್ಷಗಳ ಮೇಲೆ, ಮೊನ್ನೆ ಚಾಮರಾಜನಗರಕ್ಕೆ ಹೋದಾಗ ಒಂದು ದೊಡ್ಡ ಮಕ್ಕಳ ಬಟ್ಟೆ ಅಂಗಡಿಗೆ ಸುಮ್ಮನೆ ಹೊಕ್ಕೆ, ಹಳೇ ಚಟ. ಒಬ್ಬ ಅಪ್ಪ ಫ್ರಾಕನ್ನು ಫೋನಿನ ಮುಂದೆ ಹಿಡಿದು, ಒಳಮಗ್ಗುಲು ತೋರ್ಸಿ ಎಂದು ಫೋನಿನೊಳಗಿಂದ ಹೆಂಡತಿ ಹೇಳಿದಂತೆಲ್ಲ ತಿರುಗಿಸುತ್ತಿದ್ದ. ದಾರ ಹೋಗಿ ಫೋನು ಬಂದಿದೆ, ಮಿಕ್ಕಿದ್ದೆಲ್ಲ ಹಾಗೇ ಇದೆ ಎಂದು ನಗು ಬಂತು. ಹುಡುಗರದು ಒಂದು ಗೋಡೆ, ಹುಡುಗಿಯರದು ಒಂದು ಗೋಡೆ ಎಂದು ಬೇರೆ ಬೇರೆ ಬಣ್ಣ ಬಳಿದಿದ್ದರು. ಹುಡುಗಿಯರ ಗೋಡೆಯಲ್ಲಿ ನಾನು ಮುಟ್ಟಿ ನೋಡಿದ ಒಂದು ಫ್ರಾಕಿಗೂ ಜೇಬಿರಲಿಲ್ಲ.

ಮಾದಣ್ಣನ ಮಾತಿಗೆ ಬರುತ್ತೇನೆ. ಅಳತೆ ಎಂದ ಕೂಡಲೇ ಅವನು ಅಂಗಿಯ ಜೇಬು ತಡವಿದ, ಪಂಚೆ ಕೊಡವಿದ, ಆಮೇಲೆ ನೆನಪಾದವನಂತೆ ಚೀಲದಿಂದ ಕೋಳಿಯನ್ನು ತಲೆಕೆಳಗಾಗಿ ಎತ್ತಿ ಅಬ್ಬಾನ ಮುಂದೆ ಹಿಡಿದ. ಅದರ ಕಾಲಿಗೆ ಸುತ್ತಿ ಸುತ್ತಿ ಕಟ್ಟಿದ್ದ ದಾರವೇ ಹೋದ ವಾರ ಹೆಂಡತಿ ಕೊಟ್ಟಿದ್ದ ಗೌರಿಯ ಅಳತೆ.

"ಬಸ್ಸಲ್ಲಿ ಕಾಲ್ ಬಿಚ್ಕಂಡ್ಬುಡ್ತು ಸಾಬ್ರೆ. ಕೈಗ್ ಸಿಕ್ಕಿದ್ದು ಇದೇಯ."

ಅಬ್ಬಾ ಉಪವಾಸದಲ್ಲಿದ್ದ, ನಗಲೂ ಶಕ್ತಿಯಿರಲಿಲ್ಲ. ಇಬ್ಬರೂ ಸೇರಿ ದಾರ ಬಿಚ್ಚಿದರು. ಹೆಂಡತಿ ಹಾಕಿದ ಗಂಟು ಯಾವುದು, ಗಂಡ ಹಾಕಿದ ಗಂಟು ಯಾವುದು ಎಂದು ಹುಡುಕುತ್ತಿರುವಾಗ ಕಾಲು ಸಡಿಲವಾದ ಕೋಳಿ ಗಲ್ಲಾದ ಮೇಲಿಂದ ಹಾರಿ, ಪರದೆಯ ಕೆಳಗೆ ನುಗ್ಗಿ, ನಡುಮನೆಯ ಹೆಂಗಸರ ನಡುವೆ ಇಳಿಯಿತು. ಕಿರುಚಾಟ, ಚಾಪೆಯ ಮೇಲೆಲ್ಲ ಬಟ್ಟೆ. ನಾನು ಹಿಂದೆಯೇ ಓಡಿದೆ. ಕೊನೆಗೆ ಅದರ ಮೇಲೆ ಬುಟ್ಟಿ ಕವುಚಿ ಬುಟ್ಟಿಯ ಪಕ್ಕದಲ್ಲೇ ಕೂತವಳು ದಾದಿ. ಯಾರ ಕೋಳಿ ಎಂದು ಕೇಳಿದಳು. ಉಡಿಗಾಲದವನದು, ಗೌರಿಯ ಅಪ್ಪ ಎಂದೆ. ದಾದಿಯ ಮುಖ ಬದಲಾಯಿತು. ಗೌರಿ ಹುಟ್ಟಿದಾಗ ಟ್ರಂಕಿನಿಂದ ಹೋಗಿದ್ದು ನನ್ನದೇ ಅಂಗಿಯಂತೆ. ಅವಳು ಬುಟ್ಟಿಯನ್ನು ಎಳೆದುಕೊಂಡು ಪರದೆಯ ಹತ್ತಿರಕ್ಕೆ ಸರಿದು ಕಿವಿಗೊಟ್ಟಳು.

ನಾನು ಹೊರಗೆ ಬಂದಾಗ ಮಾದಣ್ಣ ಕಂಗಾಲಾಗಿದ್ದ. ದಾರದಲ್ಲಿ ಈಗ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗಂಟುಗಳು. ಅಬ್ಬಾ ಎತ್ತರ ಕೇಳಿದರೆ ಮಾಮೂಲಿನಂತೆ ಅವನ ಅಂಗೈ ತೊಡೆಗೂ ಸೊಂಟಕ್ಕೂ ಓಡಾಡಿತು. ಯಾವುದೋ ಒಂದು ದೊಡ್ಡದು ಕೊಟ್ಟುಬಿಡಿ ಅನ್ನಲಿಕ್ಕೆ ಅವನಿಗೆ ಮನಸ್ಸಿಲ್ಲ. ಕೂಸು ಬಂದಾಗಿನಿಂದ ಗೌರಿಗೆ ಮುನಿಸಂತೆ. ಎಲ್ಲರೂ ಕೂಸನ್ನೇ ಎತ್ತಿಕೊಳ್ಳುತ್ತಾರೆ, ತನ್ನನ್ನು ಕೇಳುವವರಿಲ್ಲ ಎಂದು ಹೋದ ವಾರ ಅಪ್ಪನ ಜೊತೆಗೂ ಮಾತು ಬಿಟ್ಟಿದ್ದಳಂತೆ. ಅದನ್ನು ಹೇಳುತ್ತ ಆ ದೊಡ್ಡ ಗಂಡಸು ಗಂಟುಗಂಟಾದ ದಾರವನ್ನು ಬೆರಳಲ್ಲಿ ನೇವರಿಸಿದ. ನನಗೆ ಪಾಪ ಅನ್ನಿಸಿತು. ನಾನು ಚಿಕ್ಕವಳಿದ್ದಾಗ ಈದ್ಗಾಕ್ಕೆ ಹೋಗುವಾಗೆಲ್ಲ ಅಬ್ಬಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ನನ್ನ ಹಿಮ್ಮಡಿ ಸರಿಯಾಗಿ ಅವನ ಕನ್ನಡಕದ ಜೇಬಿಗೆ ಬಡಿಯುತ್ತದೆ ಎಂದು ಪ್ರತಿ ವರ್ಷವೂ ಗೊಣಗುತ್ತಿದ್ದ. ಅದು ನೆನಪಾಗಿ ಬಾಯಿಗೆ ಬಂದಂತೆ ಕೇಳಿದೆ:

"ಗೌರಿನ ಹೆಗಲ ಮೇಲೆ ಕೂರಿಸ್ಕೊಂಡ್ರೆ ಅವಳ ಕಾಲು ಎಲ್ಲಿಗೆ ಬರುತ್ತೆ ಮಾದಣ್ಣ?"

ಮಾದಣ್ಣ ಕಣ್ಣು ಮುಚ್ಚಿದ. ಅವನ ಎರಡೂ ಕೈ ತಾವಾಗಿಯೇ ಎದೆಯ ಮೇಲೆ ಬಂದು, ಇಲ್ಲದ ಎರಡು ಪಾದಗಳನ್ನು ಹಿಡಿದುಕೊಂಡವು.

"ಇಲ್ಲಿಗ್ ಬತ್ತದೆ ಕಣಮ್ಮಿ. ಎಲೆಅಡ್ಕೆ ಇಕ್ಕೋ ಜೇಬಿಂದ ಎಲ್ಡ್ ಬೆಳ್ಳು ಕೆಳೀಕೆ. ಮಂಡಿ ಇಲ್ಲಿ, ನನ್ ಕಿವಿಗಿಂತ ಒಸಿ ತಗ್ಗು."

ಈ ಸಲ ಕೈ ಅಲುಗಲಿಲ್ಲ. ಅಬ್ಬಾ ಬೆಂಚಿನ ಮೇಲೆ ನಿಂತು ಟೇಪು ಹಿಡಿದ. ಹಿಮ್ಮಡಿಯಿಂದ ಮಂಡಿ ಎಷ್ಟು, ಮಂಡಿಯಿಂದ ಮೇಲಕ್ಕೆ ಎಷ್ಟಿದ್ದೀತು ಎಂದು ಲೆಕ್ಕ ಹಾಕಿ, ಆ ಹರಕು ದಾರದಲ್ಲಿ ಅದಕ್ಕೆ ಹೊಂದುವ ಗಂಟನ್ನು ಹುಡುಕಿದ. ಸಿಕ್ಕಿತು. ಅದರ ಮುಂದಿನವೂ ಸಿಕ್ಕಿದವು. ಅಷ್ಟರಲ್ಲಿ ಮಾದಣ್ಣ ಬೆಂಚಿನ ಮೇಲೆ ಕೂತುಬಿಟ್ಟಿದ್ದ. ಬಟ್ಟೆ ಕೊಳ್ಳಲು ಬಂದ ಗಂಡಸೊಬ್ಬ ನಮ್ಮ ಅಂಗಡಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂತವನು ಏಳಲೇ ಇಲ್ಲ. ಒಂದೊಂದು ಫ್ರಾಕನ್ನೂ ಮಡಿಲ ಮೇಲೆ ಹರಡಿಕೊಂಡು, ಇದು ಅವಳ ಮೈಬಣ್ಣಕ್ಕೆ ಆಗಲ್ಲ, ಇದರ ಲೇಸು ಕತ್ತಿಗೆ ಚುಚ್ಚುತ್ತೆ ಎಂದು ಪಕ್ಕಕ್ಕಿಟ್ಟ. ತೆರಕಣಾಂಬಿ ಬಸ್ಸು ಬಂದದ್ದನ್ನು ನಾನು ಓದಿ ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಈ ಕೆಂಪು ಆಗಬಹುದು ಎಂದು ಒಂದು ಫ್ರಾಕ್ ಹಿಡಿದಾಗ, ಪರದೆಯ ಒಳಗೆ ಚಾಪೆಯ ಮೇಲೆ ಕೂತಿದ್ದ ಬೇಗೂರಿನ ಹೂ ಮಾರುವಾಕೆಯ ದನಿ ಕೇಳಿತು.

"ಕೆಂಪು ಬ್ಯಾಡ ಕಣಪ್ಪ, ಒಂದ್ ನೀರ್ಗೇ ಬಣ್ಣ ಬುಟ್ಬುಡ್ತದೆ."

ತನ್ನ ಮಾಲಿಗೆ ತನ್ನ ಮನೆಯೊಳಗಿಂದಲೇ ಈ ಮರ್ಯಾದೆ ಸಿಕ್ಕಿದ್ದಕ್ಕೆ ಅಬ್ಬಾ ಹಣೆ ಒತ್ತಿಕೊಂಡ. ಆದರೆ ಮಾದಣ್ಣ ಪರದೆಯ ಕಡೆ ತಿರುಗಿ, ಮತ್ತೆ ಯಾವುದು ತಗೊಳ್ಳಲಿ ಎಂದು ವಿನಯವಾಗಿ ಕೇಳಿದ. ಒಳಗಿನ ಚಾಪೆಯವರೆಲ್ಲ ಒಂದೊಂದು ಹೇಳಿದರು. ನಾನು ಬಟ್ಟೆ ಹೊತ್ತು ಪರದೆ ಎತ್ತಿ ಎತ್ತಿ ಸುಸ್ತಾದೆ. ಕಡೆಗೆ ಅಮ್ಮಿ ಹೊಲಿದ ಹಳದಿಯದೊಂದು ಎಲ್ಲರಿಗೂ ಒಪ್ಪಿತವಾಯಿತು. ಅದನ್ನು ಮಡಿಚಬೇಕು ಅನ್ನುವಾಗ ಮಾದಣ್ಣ ಅದರ ಎರಡೂ ಪಕ್ಕ ತಡವಿ, ಇದಕ್ಕೆ ಜೇಬೆಲ್ಲಿ ಎಂದ. ಫ್ರಾಕಿಗೆ ಜೇಬು ಇರುವುದಿಲ್ಲಪ್ಪ ಎಂದ ಅಬ್ಬಾ.

"ಇರ್ಬೇಕಲ್ಲ ಸಾಬ್ರೆ? ಉಣ್ಸೆಬೀಜ ಆಯ್ಕಂಡು ಎಲ್ಲಿಕ್ಕತಾಳೆ? ಈಗ ಎಲ್ಲಾನೂವೆ ತಂದು ನನ್ ಜೇಬ್ಗೇ ತುಂಬ್ತಾಳೆ."

ಹುಡುಗರ ಚಡ್ಡಿಗೆ ಎರಡು ಜೇಬು, ಶರ್ಟಿಗೊಂದು, ಹುಡುಗಿಯರಿಗೆ ಬರೀ ಲೇಸು ಯಾಕೆ ಎಂದು ನಾನು ಎಷ್ಟೋ ಸಲ ಕೇಳಿ, ಹುಡುಗಿಯರಿಗೆ ಇಟ್ಟುಕೊಳ್ಳೋಕೆ ಏನಿರುತ್ತೆ ಎಂದು ಉತ್ತರ ಪಡೆದಿದ್ದೆ. ಈಗ ಅಬ್ಬಾ ಫ್ರಾಕನ್ನು ನನ್ನ ಕೈಗಿತ್ತ. ಪರದೆಯಾಚೆ ಎಲ್ಲ ಕೇಳಿಸಿಕೊಂಡಿದ್ದ ಅಮ್ಮಿ ಮಿಶನ್ನಿಗೆ ಕೂತು, ಉಳಿದಿದ್ದ ಹಳದಿ ಚೂರಿನಿಂದ ಒಂದಲ್ಲ, ಎರಡು ಜೇಬು ಹೊಲಿದಳು. ಮಾದಣ್ಣ ಅಮ್ಮಿ ಕಳಿಸಿದ ಚಹಾ ಕುಡಿದು, ಬುಟ್ಟಿಯ ಕೆಳಗಿನ ಕೋಳಿಯನ್ನು ಹೊಸ ಹಗ್ಗದಲ್ಲಿ ಕಟ್ಟಿಸಿಕೊಂಡು, ಮುಂದಿನ ಬಸ್ಸಿಗೆ ಹೋದ.

ಹಬ್ಬ ಬಂತು. ಹಾಲು-ಶಾವಿಗೆಯ ಶೀರ್‌ಖುರ್ಮಾ ಕುಡಿದೆ, ಹೊಸ ಬಟ್ಟೆ ಹಾಕಿದೆ, ಎಲ್ಲವೂ ಸಪ್ಪೆ. ಮಾರನೆಯ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆಯುವ ಸದ್ದು ಕೇಳಿದರೂ ಅಡುಗೆಮನೆಯಲ್ಲೇ ಈರುಳ್ಳಿ ಹೆಚ್ಚುತ್ತ ಕೂತೆ. ಅಳು ಬಂದರೆ ಈರುಳ್ಳಿಯ ಮೇಲೆ ಹಾಕಬಹುದು ಎಂಬ ಉಪಾಯ. ಆಗ ದಾದಿ ಅಬ್ಬಾನನ್ನು ಕೂಗಿ, ಸ್ಟೂಲು ತಂದು ಪರದೆ ಬಿಚ್ಚು ಅಂದಳು. ಒಗೆಯಲಿಕ್ಕೋ ಎಂದು ಅಬ್ಬಾ ಕೇಳಿದ.

"ಆಡಿದ ಮಾತನ್ನ ನಾನು ವಾಪಸ್ ತಗೊಳ್ಳೋಳಲ್ಲ. ಹುಡುಗಿ ಪರದೆ ದಾಟಬಾರದು ಅಂದ್ರೆ ದಾಟಬಾರದು. ಇದನ್ನ ತಗೊಂಡು ಹೋಗಿ ಬೀದಿ ಬಾಗಿಲಿಗೆ ಕಟ್ಟು."

ಅಬ್ಬಾ ಸ್ಟೂಲಿನ ಮೇಲೇ ನಿಂತುಬಿಟ್ಟ. ಬೀದಿಗೆ ಪರದೆ ಬಿದ್ದರೆ ಅಂಗಡಿಯೂ ಮನೆಯ ಒಳಗಾಯಿತು. ಗಂಡಸರು ಪರದೆ ಎತ್ತಿ, ಚಪ್ಪಲಿ ಬಿಟ್ಟು, ಹೆಂಗಸರಿರುವ ಕಡೆ ಬಂದು ಬಟ್ಟೆ ಕೊಳ್ಳುತ್ತಾರಾ ಎಂದು ಕೇಳಿದ. ಮಗುವಿನ ಮೇಲೆ ಮನಸ್ಸಿರುವವನು ಬರುತ್ತಾನೆ ಎಂದಳು ದಾದಿ. ಒಂದು ವಾರ ನೋಡೋಣ, ವ್ಯಾಪಾರ ಕೆಟ್ಟರೆ ಮತ್ತೆ ಮೊದಲಿನಂತೆಯೇ ಎಂದು ತಾಯಿ ಮಗ ಒಪ್ಪಂದಕ್ಕೆ ಬಂದರು.

ಮೊದಲ ಸಲ ಹಗಲು ಹೊತ್ತು ಅಂಗಡಿಯಲ್ಲಿ ಕಾಲಿಟ್ಟ ಅಮ್ಮಿ ಸುತ್ತ ನೋಡಿದಳು. ಇಷ್ಟು ವರ್ಷ ನನ್ನ ಹಳದಿ ಫ್ರಾಕುಗಳನ್ನು ಈ ಕತ್ತಲೆ ಮೂಲೆಯಲ್ಲಿ ನೇತುಹಾಕಿದ್ದಿರಾ ಎಂದು ಅಬ್ಬಾನನ್ನು ಕೇಳಿದವಳೇ ಸೆರಗು ಸಿಕ್ಕಿಸಿ ಎಲ್ಲವನ್ನೂ ಬದಲಿಸಿದಳು. ಹೆಂಗಸರು ಬಂದರು, ಹಿಗ್ಗಿದರು. ಗಂಡಸರು ಮಾತ್ರ ಬರಲಿಲ್ಲ. ಬೀದಿಯಲ್ಲಿ ನಿಂತು, ಪರದೆ ನೋಡಿ, ಅಂಗಡಿ ಮುಚ್ಚಿದೆ ಎಂದೋ ಒಳಗೆ ಏನೋ ಶಾಸ್ತ್ರ ನಡೆದಿದೆ ಎಂದೋ ಮುಂದೆ ಹೋಗುತ್ತಿದ್ದರು. ಪರದೆಯ ಕೆಳಗೆ ಬಂದು ನಿಂತು ಹಿಂದಿರುಗುವ ಕಾಲುಗಳನ್ನು ನಾನು ದಿನವೂ ನೋಡುತ್ತಿದ್ದೆ. ಅಬ್ಬಾನ ಮುಖ ಸಣ್ಣಗಾಯಿತು. ಬೆಂಚಿನ ಮೇಲೆ ಕೂತಿದ್ದರೂ ನನಗೆ ನೆಮ್ಮದಿಯಿರಲಿಲ್ಲ. ಅದು ನನ್ನ ಬೆಂಚಾಗಿ ಉಳಿಯುತ್ತದೆಂಬ ನಂಬಿಕೆ ಕರಗುತ್ತ ಬಂತು.

ವಾರ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಪರದೆಯ ಕೆಳಗೆ ಮಣ್ಣು ಮೆತ್ತಿದ ಎರಡು ದೊಡ್ಡ ಪಾದಗಳು ಬಂದು ನಿಂತವು. ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಸಾಬ್ರೆ ಎಂಬ ಅನುಮಾನದ ದನಿ ಕೇಳಿತು. ಬಾರಪ್ಪ ಒಳಗೆ, ಇದು ನಿನ್ನ ಮಗಳಿಗೆ ಮೊದಲ ಅಂಗಿ ಕೊಟ್ಟ ಮನೆ ಎಂದು ದಾದಿ ಮಂಚದ ಮೇಲಿಂದಲೇ ತನ್ನ ಹರಕು ಕನ್ನಡದಲ್ಲಿ ಕೂಗಿದಳು. ಮಾದಣ್ಣ ಪರದೆ ಎತ್ತಿ ಬಹಳ ಬಗ್ಗಿ ಒಳಗೆ ಬಂದ. ಅಷ್ಟು ಬಗ್ಗಿದ್ದು ಯಾಕೆಂದು ಆಮೇಲೆ ತಿಳಿಯಿತು. ಅವನ ಹೆಗಲ ಮೇಲೆ ಹಳದಿ ಫ್ರಾಕಿನ ಗೌರಿ ಅಪ್ಪನ ಕೂದಲು ಹಿಡಿದು ಕೂತಿದ್ದಳು. ಅವಳ ಹಿಮ್ಮಡಿ ಎಲೆಅಡಿಕೆ ಜೇಬಿನ ಕೆಳಗೆ, ಅವನು ತೋರಿಸಿದ್ದ ಅದೇ ಜಾಗದಲ್ಲಿತ್ತು. ಅವನ ಹಿಂದೆ, ನೋಡೋಣ ಏನಿದು ಎಂದು ಇನ್ನಿಬ್ಬರು ಗಂಡಸರು ಚಪ್ಪಲಿ ಬಿಟ್ಟು ಒಳಗೆ ಬಂದರು.

ಅಮ್ಮಿ ಎದ್ದು ಹತ್ತಿರ ಹೋದಳು. ಅಷ್ಟು ವರ್ಷ ಒಳಗೆ ಕೂತು ಹೊಲಿದಿದ್ದಳು. ಬೀದಿ ಬಾಗಿಲಿನಿಂದ ಹೋದ ತನ್ನ ಫ್ರಾಕೊಂದು ಹೀಗೆ ಅಪ್ಪನ ಹೆಗಲೇರಿ ವಾಪಸು ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅಂಚು ಹಿಡಿದು ಮಡಿಕೆ ನೋಡಿದಳು, ಕಣ್ಣು ಒರೆಸಿಕೊಂಡಳು. ಗೌರಿ ಎರಡೂ ಜೇಬಿನಿಂದ ಹುಣಸೆಬೀಜ ತೆಗೆದು ಅಮ್ಮಿಯ ಅಂಗೈಗೆ ಸುರಿದಳು. ಹಿಂದೆ ಬಂದವರಲ್ಲಿ ಒಬ್ಬ, ತನ್ನ ಮಗಳಿಗೂ ಇಂಥದ್ದೇ, ಜೇಬಿನದ್ದೇ ಆಗಬೇಕು ಎಂದು ಕೂರಲು ಜಾಗ ಹುಡುಕಿದ. ನಾನು ಬೆಂಚಿನಿಂದ ಇಳಿದು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ದಾದಿ ನನ್ನ ಕಡೆ ತಿರುಗಿದಳು.

"ಏನು ನಿಂತು ನೋಡ್ತಿದ್ದೀಯ? ಅವರಿಗೆ ಬೆಂಚು ಹಾಕು. ಮಗು ಹೆಗಲ ಮೇಲೆ ಕೂತ್ರೆ ಕಾಲು ಎಲ್ಲಿಗೆ ಬರುತ್ತೆ ಕೇಳು."